ನುಂಗದ ಮೆಲುಕು

‘ಸರಿ’ ಎಂಬ ಎರಡಕ್ಷರದಿಂದ ಶುರು ಮಾಡುತ್ತೇನೆ.

ನನ್ನ ಕ್ಲಿನಿಕ್ಕಿಗೆ ಬಂದಿದ್ದ ಒಬ್ಬ ಹೆಣ್ಣುಮಗಳ ಕತೆ ಇದು. ಗುರುತು ಸಿಗದ ಹಾಗೆ ಊರು, ವಯಸ್ಸು, ಸಂದರ್ಭ ಎಲ್ಲ ಬದಲಾಯಿಸಿದ್ದೇನೆ, ಯಾರಿರಬಹುದು ಎಂದು ಲೆಕ್ಕ ಹಾಕಲು ಹೋಗಬೇಡಿ. ತಂಗಿಯ ಮನೆಯ ಗೃಹಪ್ರವೇಶ. ಇವರಿಗೆ ಹೋಗಲು ಆಗುವ ಹಾಗಿರಲಿಲ್ಲ. ರಾತ್ರಿ ಊಟ ಮುಗಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರು: ‘ಇವರಿಗೆ ರಜೆ ಸಿಗಲಿಲ್ಲ ಕಣೇ, ಬರೋಕಾಗಲ್ಲ, ಬೇಜಾರು ಮಾಡ್ಕೋಬೇಡ.’ ಹತ್ತು ನಿಮಿಷಕ್ಕೆ ಉತ್ತರ ಬಂತು. ‘ಸರಿ.’ ಅಷ್ಟೇ. ಪ್ರತಿ ಸಲ ‘ಸರಿ ಅಕ್ಕ’ ಎಂದು ಬರೆಯುವ ತಂಗಿ ಆವತ್ತು ‘ಅಕ್ಕ’ ಬಿಟ್ಟಿದ್ದಳು. ಸಾಲದ್ದಕ್ಕೆ ಒಂದು ಪೂರ್ಣವಿರಾಮ ಬೇರೆ.

ದೀಪ ಆರಿಸಿ ಮಲಗಿದ್ದು ಹನ್ನೊಂದಕ್ಕೆ. ಹನ್ನೊಂದೂವರೆಯವರೆಗೆ ‘ಅಕ್ಕ’ ಯಾಕೆ ಬಿಟ್ಟಳು ಎನ್ನುವಲ್ಲೇ ಇದ್ದರು. ಹನ್ನೆರಡಕ್ಕೆ, ತಂಗಿಯ ಮಗನ ನಾಮಕರಣದಲ್ಲಿ ತಾವು ಮಾಡಿದ ಉಡುಗೊರೆ ಕಡಿಮೆಯಾಯಿತೇನೋ ಎಂಬಲ್ಲಿಗೆ ಬಂದರು. ಒಂದು ಗಂಟೆಗೆ, ಅಮ್ಮ ತೀರಿಕೊಂಡ ಮೇಲೆ ಬಳೆ ಹಂಚಿಕೊಂಡ ದಿನ ತಂಗಿ ಆಡಿದ ಒಂದು ಮಾತು. ಆ ಮಾತು ಆಡುವಾಗ ಅವಳು ಯಾರ ಮುಖ ನೋಡಿದ್ದಳು ಎಂಬುದು. ಎರಡು ಗಂಟೆಗೆ, ನಾಳೆ ತಮ್ಮ ಮಗಳ ಮದುವೆಯಲ್ಲಿ ತವರಿನ ಕಡೆಯಿಂದ ಒಬ್ಬರೂ ಬಂದು ನಿಲ್ಲುವುದಿಲ್ಲ ಎಂದು ಕಣ್ಣಲ್ಲಿ ನೀರು. ಮಗಳಿಗೆ ಆಗ ಹದಿಮೂರು ವರ್ಷ.

ನೀವು ನಕ್ಕಿರಿ. ಇಲ್ಲಿ ಕೂತಿರುವ ಬಹಳ ಜನ ಆ ಮಂಚದ ಮೇಲೆ ಮಲಗಿ ಎದ್ದವರು, ಅದಕ್ಕೇ ನಗು ಬಂತು. ನಾನೂ ಸೇರಿ. ಹಿಂದೊಮ್ಮೆ ಹೀಗೇ ಒಂದು ಕಡೆ ಮಾತಾಡಿ, ಕೊನೆಯಲ್ಲಿ ಕರೆಸಿದವರ ಹೆಸರು ಹೇಳುವುದನ್ನು ಮರೆತು, ಮೂರು ರಾತ್ರಿ ಹೊರಳಾಡಿದ್ದೇನೆ. ಮನೋವೈದ್ಯನಾದರೆ ಬಿಡುತ್ತದೆ ಎಂದುಕೊಂಡಿದ್ದರೆ, ಇಲ್ಲ. ಆ ಅಕ್ಕತಂಗಿಯರ ವಿಷಯ ಆಮೇಲೆ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಾರೆ, ಆಗಲೇ ಕಾಫಿ ವಾಸನೆ ಬರುತ್ತಿದೆ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ‘ರೂಮಿನೇಶನ್’ ಎನ್ನುತ್ತಾರೆ. ದನ ಮೆಲುಕು ಹಾಕುವುದಕ್ಕೂ ಅದೇ ಪದ. ನಮ್ಮಲ್ಲಿ ‘ಮೆಲುಕು’ ಎಂದರೆ ಸಿಹಿ. ಹಳೆಯ ವಿದ್ಯಾರ್ಥಿಗಳು ಸೇರಿದರೆ ಸಾಕು, ಮರುದಿನ ಪೇಪರಿನಲ್ಲಿ ‘ನೆನಪುಗಳ ಮೆಲುಕು’ ಎಂದು ಬರುತ್ತದೆ. ಆದರೆ ದನ ಸಾಕಿದವರಿಗೆ ಗೊತ್ತು, ಮೆಲುಕು ಹಾಕುವುದು ಒಂದು ಕೆಲಸ. ಹಸು ಮೇಯುವಾಗ ಅವಸರದಲ್ಲಿ ನುಂಗಿದ ಹುಲ್ಲನ್ನು ಕೊಟ್ಟಿಗೆಯಲ್ಲಿ ಮಲಗಿ ಮತ್ತೆ ಬಾಯಿಗೆ ತಂದುಕೊಂಡು, ನುಣ್ಣಗೆ ಅಗಿದು, ಪುನಃ ನುಂಗುತ್ತದೆ. ದಿನಕ್ಕೆ ಏಳೆಂಟು ಗಂಟೆ ಅದೇ ಕಸುಬು. ನಾನು ಚಿಕ್ಕಂದಿನಲ್ಲಿ ನಮ್ಮನೆಯ ಗೌರಿಯ ಗಂಟಲನ್ನೇ ನೋಡುತ್ತಾ ಕೂತಿರುತ್ತಿದ್ದೆ. ಒಂದು ಉಂಡೆ ಮೇಲೆ ಬರುವುದು ಕಾಣುತ್ತದೆ, ಅಗಿದು ಮುಗಿದ ಮೇಲೆ ಕೆಳಗೆ ಇಳಿಯುವುದೂ ಕಾಣುತ್ತದೆ. ಆಮೇಲೆ ಒಂದು ಕ್ಷಣ ಬಾಯಿ ಸುಮ್ಮನಿರುತ್ತದೆ. ನಮ್ಮ ಮೆಲುಕಿನಲ್ಲಿ ಆ ಇಳಿಯುವುದೇ ಇಲ್ಲ. ಅದೇ ಉಂಡೆ, ಅದೇ ಅಗಿತ.

ಯೋಚನೆಗೂ ಇದಕ್ಕೂ ವ್ಯತ್ಯಾಸ ಹೇಗೆ ಕಂಡುಹಿಡಿಯುವುದು? ನಾನು ಹೇಳಿಕೊಡುವ ಪರೀಕ್ಷೆ ಸುಲಭ. ಇಪ್ಪತ್ತು ನಿಮಿಷ ಯೋಚಿಸಿದ ಮೇಲೆ ಕೈಯಲ್ಲಿ ಏನಾದರೂ ಉಳಿದಿದೆಯೇ ನೋಡಿ. ಒಂದು ತೀರ್ಮಾನ, ಮಾಡಬೇಕಾದ ಒಂದು ಫೋನು, ಕೊನೆಗೆ ‘ಇದು ನನ್ನ ಕೈಲಿಲ್ಲ’ ಎಂಬ ಒಪ್ಪಿಗೆಯಾದರೂ. ಉಳಿದಿದ್ದರೆ ಅದು ಯೋಚನೆ. ಎಷ್ಟು ಹೊತ್ತಾದರೂ ಮಾಡಿ, ನನ್ನ ತಕರಾರಿಲ್ಲ. ಏನೂ ಉಳಿಯದೆ ಬರೀ ಎದೆ ಭಾರವಾಗಿದ್ದರೆ, ಅದು ಯೋಚನೆಯ ಅಂಗಿ ತೊಟ್ಟುಕೊಂಡು ಬಂದ ಬೇರೆ ಏನೋ.

ಇದು ಬರೀ ಸ್ವಭಾವದ ಮಾತೇ, ಅಥವಾ ನಿಜಕ್ಕೂ ಹಾನಿ ಮಾಡುತ್ತದೆಯೇ? 1989ರ ಅಕ್ಟೋಬರ್ 17ರ ಸಂಜೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಲೋಮಾ ಪ್ರಿಯೆಟಾ ಭೂಕಂಪ ಎನ್ನುತ್ತಾರೆ, ತೀವ್ರತೆ 6.9. ಅದಕ್ಕೆ ಎರಡು ವಾರ ಮೊದಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೂಸನ್ ನೋಲೆನ್ ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಅಲ್ಲಿನ ವಿದ್ಯಾರ್ಥಿಗಳಿಂದ ಒಂದಿಷ್ಟು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡಿದ್ದರು: ಬೇಜಾರಾದಾಗ ನೀವು ಏನು ಮಾಡುತ್ತೀರಿ, ಎದ್ದು ಬೇರೆ ಕೆಲಸ ಹಿಡಿಯುತ್ತೀರೋ, ಕೂತು ‘ನನಗೆ ಯಾಕೆ ಹೀಗೆ’ ಎಂದು ಅದನ್ನೇ ಹಿಡಿದು ಎಳೆಯುತ್ತೀರೋ? ಭೂಕಂಪವನ್ನು ಯಾರೂ ಪ್ರಯೋಗಕ್ಕೆಂದು ಮಾಡಿಸಲಾಗುವುದಿಲ್ಲ, ಅವರಿಗೆ ತಾನಾಗಿ ಬಂತು. ಹತ್ತು ದಿನದ ಮೇಲೆ ಒಮ್ಮೆ, ಏಳು ವಾರದ ಮೇಲೆ ಒಮ್ಮೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೇಳಿದರು. ಮೊದಲಿನಿಂದಲೂ ಮೆಲುಕು ಹಾಕುವ ಅಭ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು, ಏಳು ವಾರದ ಮೇಲೂ ಹೆಚ್ಚೇ ಇದ್ದವು. ಅಲುಗಿದ್ದು ಎಲ್ಲರ ಕಾಲಡಿಯ ನೆಲವೇ. ಇವರಿಗೆ ಮಾತ್ರ ಅದು ನಿಲ್ಲಲಿಲ್ಲ.

ಈಗ ತಲೆಯೊಳಗೆ ಹೋಗೋಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ, ಸಾರ್ವಜನಿಕರಿಗೂ ತೋರಿಸುತ್ತಾರೆ. ನೋಡಿ ಬಂದವರು ಹೇಳುವುದು ಒಂದೇ: ‘ಇಷ್ಟೇನಾ?’ ಹೌದು, ಇಷ್ಟೇ. ದೇಹದ ತೂಕದಲ್ಲಿ ಶೇ 2ರಷ್ಟು. ಆದರೆ ಸುಮ್ಮನೆ ಕೂತಾಗ ದೇಹ ಸುಡುವ ಶಕ್ತಿಯಲ್ಲಿ ಸುಮಾರು ಶೇ 20 ಇದರ ಪಾಲು. ಸುಮ್ಮನೆ ಕೂತಾಗ! ಅಷ್ಟು ಖರ್ಚು ಮಾಡಿ ಅದು ಏನು ಮಾಡುತ್ತಿರುತ್ತದೆ?

ಉತ್ತರ ಸಿಕ್ಕಿದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. ಮಿದುಳಿನ ಸ್ಕ್ಯಾನ್ ಮಾಡುವವರು ಜನರಿಗೆ ಒಂದು ಕೆಲಸ ಕೊಟ್ಟು ಯಾವ ಭಾಗ ಚುರುಕಾಗುತ್ತದೆ ಎಂದು ನೋಡುತ್ತಿದ್ದರು. ಹೋಲಿಕೆಗೆ ಬೇಕಲ್ಲ, ಏನೂ ಮಾಡದೆ ಮಲಗಿರುವಾಗಲೂ ತೆಗೆಯುತ್ತಿದ್ದರು. ಕೆಲಸ ಕೊಟ್ಟ ಕೂಡಲೇ ಕೆಲವು ಭಾಗಗಳು ತಣ್ಣಗಾಗುತ್ತವೆ, ಕೆಲಸ ನಿಂತ ಕೂಡಲೇ ಮತ್ತೆ ಎದ್ದು ಕೂರುತ್ತವೆ ಎಂಬುದು ಕಂಡಿತು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಮಿದುಳಿನ ‘ಡೀಫಾಲ್ಟ್ ಮೋಡ್’ ಎಂದು ಕರೆದರು, ಅಂದರೆ ಬೇರೆ ಕೆಲಸವಿಲ್ಲದಾಗ ಅದು ತಾನಾಗಿ ಮರಳುವ ಸ್ಥಿತಿ. ಹಣೆಯ ನಡುಭಾಗದ ಹಿಂದೆ ಒಂದು ಕೇಂದ್ರ, ತಲೆಯ ಹಿಂಬದಿಯಲ್ಲಿ ಒಳಗೆ ಇನ್ನೊಂದು, ಇವುಗಳ ನಡುವೆ ಓಡಾಟ.

ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಇದು ಅಡಿಕೆ ಮಂಡಿಯ ಗುಮಾಸ್ತ. ಗಿರಾಕಿ ಇರುವಾಗ ಮೂಲೆಯಲ್ಲಿ ಸುಮ್ಮನಿರುತ್ತಾನೆ. ಗಿರಾಕಿ ಮೆಟ್ಟಿಲು ಇಳಿದ ಕೂಡಲೇ ಖಾತೆ ಪುಸ್ತಕ ಬಿಚ್ಚುತ್ತಾನೆ. ಯಾರದು ಬಾಕಿ, ಯಾರು ಏನೆಂದರು, ನಮ್ಮ ಬಗ್ಗೆ ಅವರ ಅಭಿಪ್ರಾಯ ಏನು, ಮುಂದಿನ ತಿಂಗಳು ಹೇಗೆ. ನೆನಪು, ನಾಳೆ, ‘ನಾನು’, ‘ಅವರು ನನ್ನ ಬಗ್ಗೆ’. ಇವು ಅವನ ಖಾತೆಗಳು. ಅವನನ್ನು ಬೈಯಬೇಡಿ. ಅವನಿಲ್ಲದಿದ್ದರೆ ನಾಳೆಯ ಬಸ್ಸಿಗೆ ಇವತ್ತು ಬ್ಯಾಗು ತುಂಬಲು ನಿಮಗೆ ಬರುತ್ತಿರಲಿಲ್ಲ. ತೊಂದರೆ ಎಲ್ಲಿ ಎಂದರೆ, ಕೆಲವರ ಮಂಡಿಯಲ್ಲಿ ಅವನು ರಾತ್ರಿಯಿಡೀ ಒಂದೇ ಪುಟ ತೆರೆದು, ಒಂದೇ ಬಾಕಿಯನ್ನು ಗಟ್ಟಿಯಾಗಿ ಓದುತ್ತಿರುತ್ತಾನೆ.

ಅವನಿಗೆ ಎಷ್ಟು ಬಿಡುವು ಸಿಗುತ್ತದೆ ಗೊತ್ತೇ? ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ಜನರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನಿಗೆ ಪ್ರಶ್ನೆ ಬರುತ್ತಿತ್ತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯೇ, ಹೇಗನಿಸುತ್ತಿದೆ? ಶೇ 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಬೇರೆಲ್ಲೋ ಇದ್ದಾಗ ಖುಷಿ ಕಡಿಮೆ ಇತ್ತು. ಈಗಲೂ ನಿಮ್ಮಲ್ಲಿ ಅರ್ಧದಷ್ಟು ಜನ ಇಲ್ಲಿಲ್ಲ ಎಂಬ ಅಂದಾಜಿನ ಮೇಲೆಯೇ ನಾನು ಮಾತಾಡುತ್ತಿದ್ದೇನೆ.

ಒಂದು ಸಣ್ಣ ಪ್ರಯೋಗ ಮಾಡೋಣ. ಕಣ್ಣು ಮುಚ್ಚಿ. ಎಳೆಯ ಹುಣಸೆಕಾಯಿ, ಹಸಿರು, ಮುರಿದರೆ ಚಟ್ ಎನ್ನುತ್ತದೆ. ಅದಕ್ಕೆ ಉಪ್ಪು, ಮೆಣಸಿನಪುಡಿ ಹಚ್ಚಿ, ಹಲ್ಲಿನಲ್ಲಿ ಕಚ್ಚಿ… ಸಾಕು, ಕಣ್ಣು ಬಿಡಿ. ಬಾಯಲ್ಲಿ ನೀರು ಬಂತೇ? ಹುಣಸೆಕಾಯಿ ಎಲ್ಲಿದೆ? ಇಲ್ಲ. ಆದರೆ ಜೊಲ್ಲು ನಿಜ.

ಚಿಂತೆಯೂ ಹೀಗೇ. ಮಿದುಳಿನಲ್ಲಿ ಆಳದಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗವಿದೆ, ಆ ಗ್ರೀಕ್ ಪದದ ಅರ್ಥವೇ ಬಾದಾಮಿ. ಅದು ಅಪಾಯದ ಕಾವಲುಗಾರ. ಗುಮಾಸ್ತ ಒಳಗಿನಿಂದ ‘ಅಯ್ಯೋ’ ಎಂದರೆ ಸಾಕು, ಇವನು ಗಂಟೆ ಬಾರಿಸುತ್ತಾನೆ. ನಡೆದದ್ದೋ ನೆನೆಸಿಕೊಂಡದ್ದೋ ಎಂದು ವಿಚಾರಿಸುವುದು ಅವನ ಕೆಲಸವಲ್ಲ. ಗಂಟೆಯ ಸದ್ದು ಮಿದುಳಿನಲ್ಲೇ ಇರುವ ಹೈಪೊಥಲಾಮಸ್‌ಗೆ, ಅಲ್ಲಿಂದ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಮುಟ್ಟುತ್ತದೆ. ರಕ್ತಕ್ಕೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಬರುತ್ತದೆ. ಹುಲಿ ಎದುರಿಗೆ ಬಂದರೆ ಇದೆಲ್ಲ ಬೇಕೇ ಬೇಕು. ಹುಲಿ ಹೋದ ಮೇಲೆ ಇಳಿಯುತ್ತದೆ. ‘ಸರಿ’ ಎಂಬ ಪದ ಹೋಗುವುದಿಲ್ಲವಲ್ಲ, ಫೋನು ತೆಗೆದರೆ ಅಲ್ಲೇ ಇರುತ್ತದೆ! ಕಾರ್ಟಿಸಾಲ್ ಮಧ್ಯರಾತ್ರಿಯ ಹೊತ್ತಿಗೆ ದಿನದಲ್ಲೇ ಅತಿ ಕಡಿಮೆ ಇರಬೇಕು, ಬೆಳಗಿನ ಜಾವ ಏರುತ್ತಾ ಹೋಗಿ ಎದ್ದ ಅರ್ಧ ಮುಕ್ಕಾಲು ಗಂಟೆಗೆ ತುದಿ ಮುಟ್ಟಬೇಕು. ಇಳಿಯಬೇಕಾದ ಹೊತ್ತಿನಲ್ಲಿ ನಾವು ಗಂಟೆ ಬಾರಿಸುತ್ತೇವೆ. ನಿದ್ದೆ ಹಾಳಾಗುತ್ತದೆ, ನಿದ್ದೆಗೆಟ್ಟ ಮರುದಿನ ಕಾವಲುಗಾರ ಇನ್ನಷ್ಟು ಸಿಡುಕ.

ಈ ಗಲಾಟೆಯಲ್ಲಿ ಮೊದಲು ಮೂಲೆ ಸೇರುವುದು ಮಂಡಿಯ ಯಜಮಾನ. ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗ, ಅಳೆದು ತೂಗುವುದು, ‘ಸಾಕು’ ಎನ್ನುವುದು ಅದರ ಕೆಲಸ. ಒತ್ತಡದಲ್ಲಿ ಉಕ್ಕುವ ರಾಸಾಯನಿಕಗಳು ಈ ಭಾಗದ ಕೆಲಸವನ್ನೇ ಕುಗ್ಗಿಸುತ್ತವೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಹಲವು ವರ್ಷಗಳ ಕೆಲಸದಲ್ಲಿ ತೋರಿಸಿದ್ದಾರೆ. ಅಂದರೆ ಯೋಚಿಸಲು ಯಾವ ಭಾಗ ಬೇಕೋ, ಅತಿಯಾಗಿ ಯೋಚಿಸಿ ಅದನ್ನೇ ಮಲಗಿಸಿರುತ್ತೇವೆ. ರಾತ್ರಿ ಎರಡಕ್ಕೆ ರಾಜೀನಾಮೆ ಪತ್ರ ಬರೆದವರನ್ನು ಬಹಳ ನೋಡಿದ್ದೇನೆ. ಬೆಳಿಗ್ಗೆ ಕಾಫಿ ಕುಡಿದ ಮೇಲೂ ಅದನ್ನು ಕಳಿಸಿದವರು ಕಡಿಮೆ.

ಇಲ್ಲೊಂದು ಎಚ್ಚರಿಕೆ. ‘ಅತಿಯಾಗಿ ಯೋಚಿಸಿದರೆ ಮಿದುಳಿನ ಜೀವಕೋಶ ಸಾಯುತ್ತವೆ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದನ್ನು ಓದಿ ಒಬ್ಬರು ಬ್ಯಾಂಕಿನವರು ನನ್ನನ್ನು ಕೇಳಿದರು: ‘ಡಾಕ್ಟ್ರೇ, ಇಪ್ಪತ್ತು ವರ್ಷದಿಂದ ಯೋಚನೆ ಮಾಡ್ತಿದ್ದೀನಿ, ಈಗ ಎಷ್ಟು ಉಳಿದಿರಬಹುದು?’ ಪಾಪ, ಯೋಚನೆಯ ಬಗ್ಗೆಯೇ ಯೋಚನೆ. ಇಲಿಗಳನ್ನು ದೀರ್ಘಕಾಲ ಒತ್ತಡದಲ್ಲಿಟ್ಟಾಗ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮೊಟಕಾಗುತ್ತವೆ ಎಂದು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಯುವೆನ್ ತಂಡ ಕಂಡಿದ್ದು ನಿಜ. ಒತ್ತಡ ನಿಂತ ಮೇಲೆ ಆ ಕವಲುಗಳು ಮತ್ತೆ ಬೆಳೆದವು ಎಂಬ ಅರ್ಧ ಭಾಗವನ್ನು ಫಾರ್ವರ್ಡ್ ಮಾಡುವವರು ಕಳಿಸುವುದಿಲ್ಲ. ಸವರಿದ ದಾಸವಾಳದ ಗಿಡ ನೆನೆಸಿಕೊಳ್ಳಿ, ಸಾಕು.

ಮುಂದಿನ ಸಾಲಿನ ಹಿರಿಯರು ಈಗ ಕೇಳಿದರು, ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲವಲ್ಲ?’ ಇತ್ತು ಯಜಮಾನರೇ. ಇಲ್ಲದಿದ್ದರೆ ಕೊರಗು, ಹಳಹಳಿ, ತಳಮಳ ಎಂಬ ಪದಗಳನ್ನು ಯಾರು ಯಾಕೆ ಮಾಡಿಕೊಳ್ಳುತ್ತಿದ್ದರು? ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಹೊಟ್ಟೆಕಿಚ್ಚುಪಟ್ಟವನು ನಿದ್ದೆ ಬಾರದವನೇ ಇರಬೇಕು. ವ್ಯತ್ಯಾಸ ಇಷ್ಟೇ: ಆಗ ತಂಗಿಯ ಮನಸ್ಸು ತಿಳಿಯಲು ಒಂದು ಇನ್‌ಲ್ಯಾಂಡ್ ಲೆಟರ್ ಬರುವವರೆಗೆ ಕಾಯಬೇಕಿತ್ತು. ಅದರಲ್ಲಿ ಮೂರು ಮಡಿಕೆ ತುಂಬಾ ಸಮಾಚಾರ ಇರುತ್ತಿತ್ತು. ಈಗ ಹತ್ತು ನಿಮಿಷಕ್ಕೆ ಎರಡಕ್ಷರ ಬರುತ್ತದೆ, ಉಳಿದದ್ದನ್ನೆಲ್ಲ ನಾವೇ ತುಂಬಿಕೊಳ್ಳಬೇಕು.

ಸರಿ, ಏನು ಮಾಡುವುದು? ಮೊದಲು, ಏನು ಮಾಡಬಾರದು. ‘ಯೋಚನೆ ಮಾಡಬೇಡ, ಬಿಟ್ಟುಬಿಡು’ ಎಂದು ಯಾರಿಗೂ ಹೇಳಬೇಡಿ, ನಿಮಗೂ ಹೇಳಿಕೊಳ್ಳಬೇಡಿ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯನ ಕತೆ ನಿಮಗೆ ಗೊತ್ತು. ಆ ರೋಗಿಗೆ ಅಲ್ಲಿಯವರೆಗೆ ಕೋತಿಯ ನೆನಪೇ ಇರಲಿಲ್ಲ. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಬಿಳಿ ಕರಡಿ ಇಟ್ಟುಕೊಂಡು ಮಾಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಒತ್ತಿ ಎಂದರು. ಗಂಟೆ ಬಡಿಯುತ್ತಲೇ ಇತ್ತು. ಹೆಚ್ಚು ಮುಖ್ಯವಾದದ್ದು ಆಮೇಲಿನದು: ಈಗ ಬೇಕಾದರೆ ನೆನೆಯಿರಿ ಎಂದು ಬಿಟ್ಟಾಗ, ಮೊದಲು ಅದುಮಿಟ್ಟವರಿಗೆ ಕರಡಿ ಇನ್ನೂ ಹೆಚ್ಚಾಗಿ ಬಂತು. ಗುಮಾಸ್ತನ ಬಾಯಿ ಮುಚ್ಚಿಸಿದರೆ ಅವನು ಬಾಕಿ ಮರೆಯುವುದಿಲ್ಲ, ಕಿಟಕಿಗೆ ಬಂದು ಕೂಗುತ್ತಾನೆ.

ಅವನಿಗೆ ಹೊತ್ತು ಕೊಡಿ. ಪೆನ್ಸಿಲ್ವೇನಿಯಾದ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ ಉಪಾಯ ಇದು, ನನ್ನ ಅನುಭವದಲ್ಲಿ ಇದರಷ್ಟು ಖರ್ಚಿಲ್ಲದ್ದು ಇನ್ನೊಂದಿಲ್ಲ. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ. ಅದು ಚಿಂತೆಯ ಹೊತ್ತು. ಬೇರೆ ವೇಳೆಯಲ್ಲಿ ಚಿಂತೆ ಬಂದರೆ ‘ಸಂಜೆ ಆರಕ್ಕೆ ಬಾ’ ಎನ್ನುವುದು, ಒಂದು ಚೀಟಿಯಲ್ಲಿ ಎರಡು ಪದ ಬರೆದಿಡುವುದು. ನನ್ನ ಪರಿಚಯದ ದಿನಸಿ ಅಂಗಡಿಯವರೊಬ್ಬರು ಇದಕ್ಕೆ ಅಂಗಡಿಯ ಹಿಂದಿನ ಸಿಮೆಂಟು ಕಟ್ಟೆಯನ್ನು ಇಟ್ಟುಕೊಂಡಿದ್ದಾರೆ. ಆರು ಗಂಟೆಗೆ ಮಗನನ್ನು ಗಲ್ಲಾದಲ್ಲಿ ಕೂರಿಸಿ, ಜೇಬಿನಿಂದ ಚೀಟಿಗಳನ್ನು ತೆಗೆದು, ಒಂದೊಂದಾಗಿ ಚಿಂತಿಸುತ್ತಾರೆ. ಮೊದಲ ವಾರ ಅರ್ಧ ಗಂಟೆ ಸಾಲಲಿಲ್ಲವಂತೆ. ಮೂರನೆಯ ವಾರ ಬಂದು ಹೇಳಿದರು, ‘ಸಾರ್, ಹತ್ತು ನಿಮಿಷಕ್ಕೆ ಸರಕು ಖಾಲಿಯಾಗ್ತದೆ. ಬೆಳಿಗ್ಗೆ ಬರೆದಿದ್ದು ಸಂಜೆ ಓದಿದ್ರೆ ನಂಗೇ ನಾಚಿಕೆ.’ ಎರಡು ಷರತ್ತು: ಹಾಸಿಗೆಯ ಮೇಲೆ ಬೇಡ, ಮಲಗುವ ಮುಂಚಿನ ಗಂಟೆಯಲ್ಲಿ ಬೇಡ.

ಮಲಗುವ ಮುಂಚೆ ಮಾಡಬೇಕಾದದ್ದು ಬೇರೆ. ಹೋಟೆಲಿನಲ್ಲಿ ಸಪ್ಲೈಯರ್ ಹುಡುಗ ಎಂಟು ಟೇಬಲ್ಲಿನ ಆರ್ಡರನ್ನು ತಲೆಯಲ್ಲೇ ಇಟ್ಟುಕೊಂಡಿರುತ್ತಾನೆ. ಬಿಲ್ಲು ಕೊಟ್ಟು ಎದ್ದ ಮೇಲೆ ಏನು ತಿಂದಿರಿ ಎಂದು ಕೇಳಿ, ನೆನಪಿರುವುದಿಲ್ಲ. ಮುಗಿಯದ ಕೆಲಸ ತಲೆಯಲ್ಲಿ ಹೆಚ್ಚು ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಬರ್ಲಿನ್‌ನಲ್ಲಿ ಓದುವಾಗ ಮಾಡಿದ ಪ್ರಯೋಗವನ್ನು 1927ರಲ್ಲಿ ಪ್ರಕಟಿಸಿದರು. ನೆನಪಿನ ಬಗ್ಗೆ ಅವರಿಗೆ ಸಿಕ್ಕ ಫಲಿತಾಂಶ ಆಮೇಲಿನವರಿಗೆ ಎಲ್ಲ ಕಡೆ ಹಾಗೇ ಬರಲಿಲ್ಲ. ಆದರೆ ಮುಗಿಯದ ಕೆಲಸ ಮಧ್ಯೆ ಮಧ್ಯೆ ಬಂದು ಕಾಡುವುದು, ಅದಕ್ಕೊಂದು ಸ್ಪಷ್ಟ ಯೋಜನೆ ಮಾಡಿಕೊಂಡರೆ ಕಾಟ ಕಡಿಮೆಯಾಗುವುದು ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡಿದೆ. ಕೆಲಸ ಮುಗಿಯಬೇಕಿಲ್ಲ, ಯೋಜನೆ ಸಾಕು! 2018ರಲ್ಲಿ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ ಯುವತಿಯರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿದರು. ಅರ್ಧ ಜನ ಮಲಗುವ ಮುಂಚೆ ಐದು ನಿಮಿಷ ನಾಳೆಯಿಂದ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದರು, ಉಳಿದವರು ಮುಗಿಸಿದ ಕೆಲಸಗಳ ಪಟ್ಟಿ. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಪಟ್ಟಿ ವಿವರವಾಗಿದ್ದಷ್ಟೂ ಬೇಗ. ‘ಬ್ಯಾಂಕಿನ ಕೆಲಸ’ ಎಂದು ಬರೆದರೆ ಗುಮಾಸ್ತನಿಗೆ ಸಮಾಧಾನವಿಲ್ಲ. ‘ಸೋಮವಾರ ಹತ್ತೂವರೆಗೆ ಪಾಸ್‌ಬುಕ್, ಆಧಾರ್ ಜೆರಾಕ್ಸ್ ತೆಗೆದುಕೊಂಡು ಹೋಗುವುದು’ ಎಂದು ಬರೆಯಿರಿ. ಪೆನ್ನಿನಲ್ಲಿ, ಕಾಗದದ ಮೇಲೆ. ಫೋನಿನಲ್ಲಿ ಬರೆಯಲು ಹೋದರೆ ‘ಸರಿ.’ ಕಣ್ಣಿಗೆ ಬೀಳುತ್ತದೆ.

ಮೂರನೆಯದನ್ನು ನಾನು ಮೊದಲನೆಯದಾಗಿ ಹೇಳಬೇಕಿತ್ತು. ನಿಮ್ಮ ಮೆಲುಕನ್ನು ಕಿವಿಗೊಟ್ಟು ಕೇಳಿ, ಪ್ರಶ್ನೆ ಯಾವುದು ಎಂದು. ನೂರಕ್ಕೆ ತೊಂಬತ್ತು ಸಲ ಅದು ‘ಯಾಕೆ’. ನನಗೇ ಯಾಕೆ, ಅವಳು ಯಾಕೆ ಹಾಗಂದಳು, ನಾನು ಯಾಕೆ ಹೀಗೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ಈ ಮೆಲುಕಿಗೆಂದೇ ಒಂದು ಚಿಕಿತ್ಸೆ ರೂಪಿಸಿದವರು. ಅವರ ಕೆಲಸದ ತಿರುಳು ನಮ್ಮ ಭಾಷೆಯಲ್ಲಿ ಎರಡು ಪದ: ‘ಯಾಕೆ’ ಬಿಟ್ಟು ‘ಹೇಗೆ’ ಹಿಡಿ. ‘ಯಾಕೆ’ ಮೇಲೆ ಮೇಲೆ ಹೋಗುತ್ತದೆ, ಹಣೆಬರಹದವರೆಗೆ. ‘ಹೇಗೆ’, ‘ಎಲ್ಲಿ’, ‘ಈಗ ಏನು’ ಇವು ನೆಲಕ್ಕೆ ಇಳಿಸುತ್ತವೆ. ಪಿಯುಸಿ ಓದುವ ಹುಡುಗನೊಬ್ಬ ‘ನನಗೆ ಯಾಕೆ ಫಿಸಿಕ್ಸ್ ತಲೆಗೆ ಹತ್ತಲ್ಲ’ ಎಂದು ಎರಡು ತಿಂಗಳು ಕೊರಗಿದ್ದ. ಯಾವ ಪಾಠ, ಯಾವ ಪುಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ, ತೋರಿಸು ಎಂದೆ. ಪುಸ್ತಕ ತಂದಿರಲಿಲ್ಲ. ಮುಂದಿನ ಸಲ ತಂದ. ಸಿಕ್ಕಿಹಾಕಿಕೊಂಡದ್ದು ವೆಕ್ಟರ್‌ನಲ್ಲಿ. ಅದಕ್ಕೆ ಮನೋವೈದ್ಯ ಬೇಕಿರಲಿಲ್ಲ, ಒಬ್ಬ ಒಳ್ಳೆಯ ಮೇಷ್ಟ್ರು ಬೇಕಿತ್ತು, ಸಿಕ್ಕರು.

ಉಸಿರಿನ ವಿಷಯ ಎಲ್ಲರೂ ಹೇಳುತ್ತಾರೆ, ನಾನು ಬೇಗ ಮುಗಿಸುತ್ತೇನೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ಸ್ವಲ್ಪ ಜೋರಾಗುತ್ತದೆ. ಆದ್ದರಿಂದ ಬಿಡುವುದನ್ನು ಉದ್ದ ಮಾಡಿ. ಮೂಗಿನಿಂದ ಎಳೆದುಕೊಳ್ಳಿ, ತುಂಬಿತು ಎನಿಸಿದ ಮೇಲೆ ಇನ್ನೊಂದು ಗುಟುಕು, ಆಮೇಲೆ ಬಾಯಿಯಿಂದ ನಿಧಾನಕ್ಕೆ ಬಿಡಿ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಹೀಗೆ ಮಾಡಿದವರ ಮನಸ್ಸು ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತು. ಇದು ಮತ್ತೇನಲ್ಲ, ನಿಟ್ಟುಸಿರು. ನಮ್ಮಜ್ಜಿ ‘ಮುಸ್ಸಂಜೆ ಹೊತ್ತಲ್ಲಿ ನಿಟ್ಟುಸಿರು ಬಿಡಬೇಡವೇ’ ಎಂದು ಅಮ್ಮನನ್ನು ಗದರುತ್ತಿದ್ದರು. ಅಮ್ಮ ಅಡುಗೆಮನೆಗೆ ಹೋಗಿ ಬಿಟ್ಟು ಬರುತ್ತಿದ್ದಳು.

ನಡಿಗೆಯ ಬಗ್ಗೆ ಒಂದು ಮಾತು. 2015ರ ಇನ್ನೊಂದು ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 38 ಜನರಲ್ಲಿ ಕೆಲವರನ್ನು ಮರ ಹುಲ್ಲು ಇರುವ ಕಡೆ ತೊಂಬತ್ತು ನಿಮಿಷ ನಡೆಸಿದರು, ಉಳಿದವರನ್ನು ವಾಹನ ಓಡಾಡುವ ದೊಡ್ಡ ರಸ್ತೆಯ ಬದಿ. ಹಸಿರಿನಲ್ಲಿ ನಡೆದವರಲ್ಲಿ ಮೆಲುಕು ಕಡಿಮೆಯಾಯಿತು, ಮೆಲುಕಿಗೆ ಸಂಬಂಧಿಸಿದ ಮಿದುಳಿನ ಒಂದು ಭಾಗವೂ ತಣ್ಣಗಾಯಿತು. ರಸ್ತೆ ಬದಿ ನಡೆದವರಲ್ಲಿ ಆಗಲಿಲ್ಲ. ತೊಂಬತ್ತು ನಿಮಿಷ ಯಾರಿಗೆ ಪುರುಸೊತ್ತಿದೆ ಎನ್ನುತ್ತೀರಿ. ಇರಲಿ, ಕೆರೆ ಏರಿ ಮೇಲೆ ಇಪ್ಪತ್ತು ನಿಮಿಷ ಹೋಗಿ. ಬೈಪಾಸ್ ಪಕ್ಕ ವಾಕಿಂಗ್ ಮಾಡಿ ಬಂದು ಏನೂ ಪ್ರಯೋಜನವಾಗಲಿಲ್ಲ ಎನ್ನಬೇಡಿ.

‘ಕಷ್ಟ ಹೇಳಿಕೊಂಡರೆ ಹಗುರ’ ಎನ್ನುತ್ತಾರೆ. ಅರ್ಧ ನಿಜ. ಗೆಳತಿಗೆ ದಿನಾ ಫೋನು ಮಾಡಿ ಅದೇ ಅತ್ತೆಯ ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಿದರೆ, ಅದು ಇಬ್ಬರು ಸೇರಿ ಹಾಕುವ ಮೆಲುಕು. ಅಮಾಂಡಾ ರೋಸ್ ಎಂಬ ಸಂಶೋಧಕಿ 2002ರಲ್ಲಿ ಶಾಲೆಯ ಮಕ್ಕಳಲ್ಲಿ ಇದನ್ನು ನೋಡಿದರು: ಹೀಗೆ ಜೊತೆಯಾಗಿ ಮೆಲುಕು ಹಾಕುವವರ ಗೆಳೆತನ ಗಟ್ಟಿ, ಆದರೆ ಬೇಸರ ಆತಂಕವೂ ಹೆಚ್ಚು. ನಿಮ್ಮ ಮಾತು ಕೇಳಿ ‘ಹೌದಾ, ಆಮೇಲೆ?’ ಎನ್ನುವವರು ಬೇಕು. ಜೊತೆಗೆ ‘ಸರಿ, ಈಗ ಏನು ಮಾಡ್ತೀಯ?’ ಎನ್ನುವ ಒಬ್ಬರೂ ಇರಲಿ.

ಇವೆಲ್ಲ ಸಾಲದ ಹಂತವೂ ಇದೆ. ಗ್ಯಾಸ್ ಆಫ್ ಮಾಡಿದೆನೇ ಎಂದು ಒಮ್ಮೆ ವಾಪಸು ಬಂದು ನೋಡುವುದು ಎಲ್ಲರದೂ. ಹದಿನೈದು ಸಲ ನೋಡಿ ಬಸ್ಸು ತಪ್ಪಿಸಿಕೊಳ್ಳುವುದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಎರಡು ವಾರಕ್ಕೂ ಮೇಲೆ ನಿದ್ದೆ, ಹಸಿವು, ಆಸಕ್ತಿ ಎಲ್ಲ ಹೋಗಿದ್ದರೆ, ಇಲ್ಲವೇ ಬದುಕೇ ಬೇಡ ಎನಿಸುತ್ತಿದ್ದರೆ, ಚೀಟಿ ಪಟ್ಟಿ ಎಂದು ಕೂರಬೇಡಿ, ವೈದ್ಯರ ಬಳಿ ಹೋಗಿ. ಹೋಗಲು ಸಂಕೋಚವಾದರೆ 14416ಕ್ಕೆ ಫೋನು ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಅಕ್ಕತಂಗಿಯರಿಗೆ ಬರೋಣ. ತಂಗಿಗೆ ಏನೂ ಬೇಜಾರೇ ಆಗಿರಲಿಲ್ಲ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು, ಅದಕ್ಕೇ ‘ಅಕ್ಕ’ ಬಿಟ್ಟುಹೋಯಿತು ಎಂದು ನಾನು ಹೇಳುತ್ತೇನೆ ಎಂದುಕೊಂಡಿದ್ದೀರಿ. ಹಾಗಾಗಲಿಲ್ಲ. ಆಕೆ ನನ್ನ ಬಳಿ ಬಂದಾಗ ನಾನೂ ಏನೂ ಊಹಿಸಲು ಹೋಗಲಿಲ್ಲ, ‘ಕೇಳಿದ್ರಾ?’ ಎಂದೆ ಅಷ್ಟೇ. ಕೇಳಿರಲಿಲ್ಲ. ನಾಲ್ಕು ದಿನವಾಗಿತ್ತು. ಹೊರಗಿನ ಬೆಂಚಿನ ಮೇಲೆ ಕೂತು ಫೋನು ಮಾಡಿದರು. ತಂಗಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಆದರೆ ಉಡುಗೊರೆ, ಬಳೆ, ಮಗಳ ಮದುವೆ, ಆ ರಾತ್ರಿಯ ಯಾವ ಖಾತೆಯಲ್ಲೂ ಇಲ್ಲದ ಕಾರಣಕ್ಕೆ. ‘ಭಾವನಿಗೆ ರಜೆ ಇಲ್ಲ ಅಂದ್ರೆ ಇರಲಿ, ನೀನೊಬ್ಬಳೇ ಬಸ್ಸು ಹತ್ತಿ ಬರೋಕೆ ಏನಾಗಿತ್ತು?’

ಒಬ್ಬಳೇ ಹೋಗಬಹುದು ಎಂಬುದು ಮೂರು ಗಂಟೆಯ ಯೋಚನೆಯಲ್ಲಿ ಆಕೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಗೃಹಪ್ರವೇಶಕ್ಕೆ ಇನ್ನೂ ಐದು ದಿನವಿತ್ತು. ಹಿಂದಿನ ದಿನವೇ ಹೋಗಿ, ಹೂರಣ ರುಬ್ಬಿ ಕೊಟ್ಟು ಬಂದರಂತೆ.